ನನ್ನ ಕೈಗುಣ ಮತ್ತು ಒಂದು ವಾಲ್ವು

ಟೆಂಟ್ ಸಿನೆಮಾ ಸಿದ್ದಾಪುರದಲ್ಲಿ ಬೀಡುಬಿಟ್ಟಿದ್ದಾಗ ನಾನು ಅದರ ಆಪರೇಟರ್. ಚಿತ್ರ ಅರ್ಧಕ್ಕೆ ಬರೋದೇ ತಡ, ಧ್ವನಿ ಗಪ್‌ಚಿಪ್. ಪರದೆ ಮೇಲೆ ನಾಯಕಿ ಬರೀ ಬಾಯಿ ಆಡಿಸ್ತಾ ಅಳೋಳು, ಕೆಳಗೆ ಜನ ಶಿಳ್ಳೆ ಹೊಡೆದು ನನ್ನ ಅಪ್ಪ-ಅಮ್ಮನನ್ನೆಲ್ಲ ಎಳೆದು ಬಯ್ಯೋರು. ಮಾಲೀಕರು ಓಡಿ ಬಂದು, ಕಾಯಿನೀರು ಸಿಡಿದೀತೆಂದು ಧ್ವನಿಯ ಆಂಪ್ಲಿಫಯರ್ ಆರಿಸಿ, ಅದಕ್ಕೆ ಮಂಗಳಾರತಿ ಮಾಡಿ ಕಾಯಿ ಒಡೆಯೋರು. ಮತ್ತೆ ಹಾಕಿದರೆ ಧ್ವನಿ ಬಂದೇ ಬರೋದು!

"ನೋಡಿದ್ಯಾ? ಇದು ನಿನ್ನ ಸೂತಕದ್ದೇ ಕಾಟ," ಅನ್ನೋರು.

ಸೂತಕ ಇದ್ದದ್ದು ನಿಜ. ನಮ್ಮ ಚೊಚ್ಚಲ ಕೂಸು ಹುಟ್ಟಿದ ವಾರದೊಳಗೇ ತೀರಿಕೊಂಡಿತ್ತು. ಬೇರೆ ಆಪರೇಟರ್ ಇಲ್ಲವೆಂದು ಸೂತಕ ಕಳೆಯೋ ಮೊದಲೇ ನನ್ನನ್ನ ಕರೆಸಿ ಕೂರಿಸಿದವರು ಇದೇ ಮಹಾಶಯರು. ಅದನ್ನಾದರೂ ನುಂಗಿಕೊಳ್ತಿದ್ದೆ. ಮನೇಲಿ ಹೆಂಡತಿಯೂ ಗೋಡೆ ಕಡೆ ತಿರುಗಿ ಅಂದಳು: "ನಿಮ್ಮ ಕೈಗುಣವೇ ಹಾಗೆ. ಕೂಸನ್ನ ಮೊದಲು ಎತ್ತಿಕೊಂಡೋರೂ ನೀವೇ ಅಲ್ದಾ?" ಆಮೇಲೆ ಅವಳು ನನ್ನ ಕೈಯಿಂದ ನೀರಿನ ಚೊಂಬನ್ನೂ ಇಸಕೊಳ್ತಿರಲಿಲ್ಲ.

ಆಂಪ್ಲಿಫಯರಿನೊಳಗೆ ಬಲ್ಬಿನ ಹಾಗೆ ಉರಿಯೋ ಗಾಜಿನ ವಾಲ್ವುಗಳನ್ನ ಕಿತ್ತು ಶಿರಸಿಯ ರೇಡಿಯೋ ಅಂಗಡಿಗೆ ಒಯ್ದೆ. ಎಲ್ಲ ಸರಿ ಇವೆ ಅಂದರು. ಸರಿ ಇದ್ದರೆ ನಿಲ್ಲೋದ್ಯಾಕೆ, ಇದರ ಹೆಣ ಎತ್ತ! ವಾಪಸ್ ಬರುವಾಗ ಬಸ್ಸಲ್ಲಿ ಹೊಳೀತು: ಅಂಗಡೀಲಿ ಅವು ತಣ್ಣಗಿದ್ದವು. ಮಾಲೀಕರು ಆರಿಸಿ ಕಾಯಿ ಒಡೆಯೋ ಹೊತ್ತಿಗೂ ತಣ್ಣಗಾಗ್ತಿದ್ದವು.

ಮರುದಿನ ಧ್ವನಿ ನಿಂತಾಗ ಮಾಲೀಕರ ಕೈ ಹಿಡಿದೆ. "ಆರಿಸಬೇಡಿ. ಕಾಯಿ ಅತ್ಲಾಗೆ ಹೋಗಿ ಒಡೀರಿ." ಒಡೆದರು. ಧ್ವನಿ ಇಲ್ಲ. ಇನ್ನೊಂದು ಒಡೆದರು, ಅದಕ್ಕೂ ಇಲ್ಲ. ಜನ ಕುರ್ಚಿ ಎತ್ತೋಕೆ ಶುರು ಮಾಡಿದರು. ಆಗ ನಾನೇ ಆರಿಸಿ, ಕಾಯಿಯೂ ಇಲ್ಲದೆ ಕರ್ಪೂರವೂ ಇಲ್ಲದೆ ಅದು ತಣಿಯೋ ತನಕ ಕೂತೆ. ಆಮೇಲೆ ಹಾಕಿದೆ, ಬಂತು.

ಅಂಗಡಿಯಿಂದ ಬೇರೆ ವಾಲ್ವುಗಳನ್ನ ಕೇಳಿ ತಂದು, ಆಟಕ್ಕೊಂದರಂತೆ ಬದಲಿಸಿ ನೋಡಿದೆ. ಒಂದನ್ನ ಬದಲಿಸಿದೆ, ಧ್ವನಿ ನಿಂತಿತು. ಪಕ್ಕದ್ದನ್ನ ಬದಲಿಸಿದೆ, ಆಗಲೂ ನಿಂತಿತು. ಮೂಲೆಯ ದಪ್ಪ ವಾಲ್ವು ಬದಲಿಸಿದ ದಿನ ಚಿತ್ರ 'ಶುಭಂ' ಬರೋ ತನಕ ಮಾತಾಡಿತು. ಮಾಲೀಕರು ಬೆನ್ನು ತಟ್ಟಿ, "ಅಂತೂ ದೇವರು ಕಣ್ಣು ಬಿಟ್ಟ," ಅಂದರು. ದೇವರಂತೆ! ನನಗೆ ಅವರ ಶಹಬ್ಬಾಸ್‌ಗಿರಿ ಬೇಕಿರಲಿಲ್ಲ.

ಬೆಳಿಗ್ಗೆ ಆ ಹಾಳಾದ ವಾಲ್ವನ್ನ ಹೆಂಡತಿ ಮುಂದೆ ಇಟ್ಟು ಎಲ್ಲ ಹೇಳಿದೆ. "ನನ್ನ ಕೈಯದ್ದಲ್ಲ ಮಾರಾಯ್ತಿ, ಇದರದ್ದು. ಬಿಸಿಯಾದರೆ ನಿಲ್ತಿತ್ತು, ಅಷ್ಟೇ."

ಅವಳು ಅದನ್ನ ಸೆರಗಲ್ಲಿ ಒರೆಸಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಎಷ್ಟೋ ದಿನದ ಮೇಲೆ ನನ್ನ ಮುಖವನ್ನೂ ನೋಡಿದಳು.

"ಹಾಗಾದ್ರೆ ಕೂಸಿಗೆ ಎಂತ ಆಗಿತ್ತು?"

ಗೊತ್ತಿಲ್ಲ ಅಂದೆ. ಅಂದವನೇ ಅತ್ತುಬಿಟ್ಟೆ. ಅವಳೂ ಅತ್ತಳು. ಬಹಳ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು, "ಸ್ವಲ್ಪ ನೀರು ಕೊಡಿ," ಅಂತ ನನ್ನ ಕಡೆ ಕೈ ಚಾಚಿದಳು.