ಸೋಮವಾರದ ಗುಳಿಗೆ

ಶ್ರಾವಣದ ಕೊನೆಯ ಸೋಮವಾರ ಕಳೆದು ಬುಧವಾರ ಬೆಳಿಗ್ಗೆ, ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ, ಅಕ್ಕನನ್ನು ಒಳಗೆ ಕರೆದೊಯ್ದ ಬಾಗಿಲಿನ ಎಡಕ್ಕೆ ನಾನು ನಿಂತಿದ್ದೆ. ಪಕ್ಕದಲ್ಲಿ ಅಕ್ಕನ ಗಂಡ, ಅಂದರೆ ನನ್ನ ಮಾವ, ಮತ್ತು ಅವರ ಮಗಳು. ಸುರಪುರದಿಂದ ಅವರು, ಶಹಾಪುರದಿಂದ ನಾನು, ಯಾದಗಿರಿಯಲ್ಲಿ ಕೂಡಿ ರೈಲು ಹತ್ತಿದ್ದೆವು.

ಅಕ್ಕನ ಎದೆಬಡಿತ ಲಯ ತಪ್ಪಿ ವರ್ಷ ದಾಟಿತ್ತು. ಔಷಧಿಗೆ ಬಗ್ಗಲಿಲ್ಲ. ಒಮ್ಮೆ ಎದೆಗೆ ಕರೆಂಟಿನ ಶಾಕ್ ಕೊಟ್ಟರು. ಕೆಲವು ದಿನ ಸರಿಯಿದ್ದು ಮತ್ತೆ ಕೆಟ್ಟಿತು. ಉಳಿದದ್ದು ಒಂದೇ ದಾರಿ. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆಯನ್ನು ಹೃದಯದವರೆಗೆ ಏರಿಸಿ, ತಪ್ಪು ಮಿಡಿತ ಹುಟ್ಟುವ ಜಾಗವನ್ನು ಸುಡುವುದು. ಅದಕ್ಕೂ ಮೊದಲು ಗಂಟಲಿನಿಂದ ಇನ್ನೊಂದು ನಳಿಕೆ ಇಳಿಸಿ ಹೃದಯದ ಒಳಗನ್ನು ನೋಡುತ್ತಾರೆ.

ಬಾಗಿಲು ಬೇಗ ತೆರೆಯಿತು. ಅಷ್ಟು ಬೇಗ ತೆರೆಯಬಾರದಿತ್ತು.

"ಒಳಗ ರಕ್ತ ಹೆಪ್ಪುಗಟ್ಟೇದ. ಈಗ ಮುಟ್ಟಿದ್ರ ಮಿದುಳಿಗೆ ಹೋಗ್ತದ," ಎಂದರು ಡಾಕ್ಟರು. ಅವರು ನಮ್ಮ ಕಡೆಯವರೇ. "ರಕ್ತ ತೆಳು ಮಾಡೋ ಗುಳಿಗಿ ತಪ್ಪಿಸಿದ್ರೇನು?"

"ಒಂದೂ ತಪ್ಪಿಸಿಲ್ರಿ," ಎಂದರು ಮಾವ.

ಮಂಪರು ಇಳಿದ ಮೇಲೆ ಡಾಕ್ಟರು ಅಕ್ಕನನ್ನೇ ಕೇಳಿದರು.

"ಊಟ ಆದ ಮ್ಯಾಲೆ ತಗೋ ಅಂತ ನೀವ ಹೇಳಿದ್ರಿ. ಸೋಮವಾರ ನಂದು ಉಪಾಸ. ಊಟನ ಇಲ್ಲಂದ್ರ ಗುಳಿಗಿ ಹೆಂಗ ತಗೊಳ್ಳಲಿರಿ?"

ಈ ಚಿಕಿತ್ಸೆ ಕೈಗೂಡಲೆಂದೇ ಶ್ರಾವಣ ಸೋಮವಾರಗಳ ಉಪವಾಸದ ಹರಕೆ ಹೊತ್ತಿದ್ದಳು. ಹೆಪ್ಪುಗಟ್ಟಿದ್ದು ಅದರಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಇರಬಹುದು ಎಂದರು. ಗುಳಿಗೆ ಬಿಡದೆ ನುಂಗಿ ಕೆಲವು ವಾರ ಬಿಟ್ಟು ಬರಲು ತಿಳಿಸಿದರು.

ರೈಲಿನಲ್ಲಿ ಮಾವ ಸುಮ್ಮನಿರಲಿಲ್ಲ. "ದೇವರು ಗುಳಿಗಿ ಬ್ಯಾಡ ಅಂದಿದ್ದನೇನ?"

"ಉಪಾಸಕ್ಕ ಹಾಲು, ಬಾಳಿಹಣ್ಣು ತಂದು ಕೊಟ್ಟವರು ನೀವ. ಆವಾಗ ಬಾಯಿ ಎಲ್ಲಿಟ್ಟಿದ್ರಿ?"

ಮಗಳು ನಕ್ಕಳು. ನಾನೂ ನಕ್ಕೆ.

ಮತ್ತೆ ಹೈದರಾಬಾದಿಗೆ ಹೊರಡುವ ಹಿಂದಿನ ದಿನ ನಾನು ಸುರಪುರಕ್ಕೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಬಲಗೈ ಹಿಟ್ಟಿನ ಮೇಲೆಯೇ ನಿಂತಿತು. ಎಡಗೈಯಿಂದ ಅದನ್ನು ಎತ್ತಿ ನೋಡಿದಳು, ಯಾರದೋ ಕೈ ಎಂಬಂತೆ. "ತಮ್ಮಾ" ಎಂದಳೆಂದು ನನಗೆ ಅನಿಸಿತು, ಮಾತು ಸ್ಪಷ್ಟವಿರಲಿಲ್ಲ. ಆಸ್ಪತ್ರೆಗೆ ಒಯ್ಯುವಾಗ ಯಾದಗಿರಿಯವರೆಗೂ ಮಾವ ಆ ಕೈಯನ್ನು ಉಜ್ಜುತ್ತಲೇ ಇದ್ದರು. ಮರುದಿನ ಅಕ್ಕ ತೀರಿಹೋದಳು.

ಆ ಕೈ ನಿಂತದ್ದನ್ನು ನನ್ನೊಂದಿಗೆ ಕಂಡವರು ಮಾವ ಮತ್ತು ಅವರ ಮಗಳು. ಇಬ್ಬರೂ ಸುರಪುರದಲ್ಲಿ ಇದ್ದಾರೆ. ಕೇಳಿದರೆ ಮಗಳು ಹೇಳುತ್ತಾಳೆ. ಮಾವ ಎದ್ದು ಹೋಗುತ್ತಾರೆ.