ಹರಾಜಿಗೆ ಬಂದ ಸ್ಮರಣಿಕೆಗಳು

ಯಾರಾದರೂ ತಮ್ಮ ಸಾಧನೆ ಹೇಳಿಕೊಳ್ಳತೊಡಗಿದರೆ ನಮ್ಮ ಟೀಚರರ ಮೂಗಿನ ಎಡಹೊಳ್ಳೆ ಮೇಲೇರುತ್ತಿತ್ತು. ಬ್ಯಾಡಗಿಯವರಿಗೆ ಮೆಣಸಿನಕಾಯಿಯ ಘಾಟು ಹೊಸದಲ್ಲ. ಇದು ಆ ಘಾಟಿಗಲ್ಲವೆಂದು ಎದುರಿದ್ದವರಿಗೆ ತಕ್ಷಣ ತಿಳಿಯುತ್ತಿತ್ತು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿ, ನಮ್ಮ ಚರ್ಚಿನ ಭಾನುವಾರದ ಶಾಲೆ ನಡೆಸುತ್ತಿದ್ದರು. ತಮಗೆ ಹೊದಿಸಿದ ಸನ್ಮಾನದ ಶಾಲುಗಳಿಂದ ಅಲ್ಲಿಯ ಬೆಂಚು ಒರೆಸುತ್ತಿದ್ದರು. "ಜರಿ ಚುಚ್ಚತೈತಿ, ಇಲ್ಲಂದ್ರ ಒಳ್ಳೇ ಅರಿವಿ," ಎನ್ನುತ್ತಿದ್ದರು.

ನನಗೆ ಧಾರವಾಡದಲ್ಲಿ ರಸಾಯನಶಾಸ್ತ್ರದ ಚಿನ್ನದ ಪದಕ ಬಂದ ವರ್ಷ, ಚರ್ಚಿನ ಸುಗ್ಗಿಹಬ್ಬದ ದಿನ ನನಗೆ ಸನ್ಮಾನವೆಂದು ಸಭೆಯ ಹಿರಿಯರೊಬ್ಬರು ನಿಶ್ಚಯಿಸಿದರು. ಆ ದಿನ ಎಲ್ಲ ಮನೆಯವರೂ ತಮ್ಮ ಬೆಳೆಯ ಪಾಲು ತಂದು ದೇವರ ಮುಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಅದನ್ನು ಚರ್ಚಿಗಾಗಿ ಹರಾಜು ಹಾಕುತ್ತಾರೆ. ನನಗೆ ಶಾಲು ಹೊದಿಸಿದ ಮೇಲೆ ಹರಾಜು ಶುರುವಾಯಿತು. ಮೆಣಸಿನಕಾಯಿ, ಗೋವಿನಜೋಳ, ಒಂದು ಹುಂಜ ಬಂದಿದ್ದವು. ಟೀಚರ್ ಒಂದು ಚೀಲ ತಂದು ಸುರಿದರು. ಅವರ ಹೆಸರು ಕೆತ್ತಿದ ಸ್ಮರಣಿಕೆಗಳು.

"ಇದು ನನ್ನ ಬೆಳಿ. ಸವಾಲು ಕೂಗ್ರಿ."

ಕೂಗುತ್ತಿದ್ದ ಅದೇ ಹಿರಿಯರು ಮೆಣಸಿನಕಾಯಿ ದಲಾಲರು, ಕೊಳೆತ ಕಾಯಿಗೂ ಗಿರಾಕಿ ಹುಡುಕಬಲ್ಲವರು. ಸ್ಮರಣಿಕೆಗಳಿಗೆ ಅವರಿಗೂ ಯಾರೂ ಸಿಗಲಿಲ್ಲ. ಹುಂಜಕ್ಕೆ ಜಗಳವೇ ಆಯಿತು.

"ನೋಡ್ರಿ, ಹುಂಜಕ್ಕಿರೋ ಕಿಮ್ಮತ್ತು ನನಗಿಲ್ಲ," ಎಂದರು ಟೀಚರ್.

"ನಿಮಗ ಸಿಕ್ಕಾವ, ಅದಕ್ಕ ಹಿಂಗ ಅಂತೀರಿ. ಸಿಗದವರನ್ನ ಕೇಳ್ರಿ," ಎಂದರು ಹಿರಿಯರು.

ಜನ ನಕ್ಕರು. ನನಗೆ ಹಿರಿಯರ ಮಾತೇ ಸರಿಯೆನಿಸಿತು. ಎಲ್ಲ ಗಳಿಸಿ ಆಮೇಲೆ ತಿರಸ್ಕರಿಸುವುದೂ ಒಂದು ಸಾಧನೆಯೇ. ಅದಕ್ಕೂ ಒಂದು ಸ್ಮರಣಿಕೆ ಕೊಟ್ಟರಾಯಿತು ಎಂದುಕೊಂಡೆ. ನಿಜಕ್ಕೂ ಕೈ ಬರಿದಾದ ದಿನ ಇವರು ಏನನ್ನು ಹಿಡಿಯುತ್ತಾರೆ, ನೋಡೋಣ ಎಂದೂ.

ಆ ದಿನ ಬಂತು. ಟೀಚರಿಗೆ ಹೊಟ್ಟೆಯಲ್ಲಿ ಗಡ್ಡೆ, ಹಾವೇರಿಯ ಆಸ್ಪತ್ರೆ, ಇನ್ನು ಮಾಡುವುದೇನೂ ಇಲ್ಲವೆಂದರು ಡಾಕ್ಟರು. ಹಳೆಯ ವಿದ್ಯಾರ್ಥಿಗಳು ಹಣ್ಣು ಹಿಡಿದು ಬಂದು, ಬಾಳು ಸಾರ್ಥಕವಾಯಿತೆಂದು ಹೊಗಳಿ ಹೋದರು. ನಮ್ಮ ಚರ್ಚಿನ ಸಭಾಪಾಲಕರೂ ಬಂದರು.

"ನಿಮ್ಮ ಸೇವಾ ದೇವರು ಮರಿಯೂದಿಲ್ಲ ಬಿಡ್ರಿ."

"ಸೇವಾ ತೋರಿಸಿ ಒಳಗ ಹೋಗಾಕ ಅದೇನು ಬಸ್ ಪಾಸೇನ್ರಿ, ಅಯ್ಯನವರ? ನೀವರ ಯೇಸುವಿನ ಹೆಸರು ತಗೀರಿ."

ಅವರು ಹೋದ ಮೇಲೆ ಟೀಚರ್, ಮಂಚದ ಪಕ್ಕ ಕೂತಿದ್ದ ನನ್ನ ಮಣಿಕಟ್ಟು ಹಿಡಿದರು.

"ಖರೇ ಹೇಳ್ತೀನವಾ, ಅಂಜಿಕಿ ಆಗೇತಿ. ಆತನ್ನ ಬಿಟ್ಟರ ನನಗೇನೂ ಇಲ್ಲ. ಪ್ರಾರ್ಥನಾ ಮಾಡು. ಮನಸಿನ್ಯಾಗ ಅಲ್ಲ, ಬಾಯಿಬಿಟ್ಟು ಮಾಡು."

ನಾನು ಯಾರೆದುರೂ ಬಾಯಿಬಿಟ್ಟು ಪ್ರಾರ್ಥಿಸಿದವಳಲ್ಲ. ಇಡೀ ವಾರ್ಡು ಕೇಳುತ್ತಿರುವಾಗ ಏನೋ ತಡವರಿಸಿದೆ. "ಆಮೆನ್" ಎಂದರು ಟೀಚರ್, ತರಗತಿಯ ಧ್ವನಿಯಲ್ಲಿ. ನನ್ನ ಮಣಿಕಟ್ಟು ಬಿಡಲಿಲ್ಲ. ಹಾಗೆಯೇ ನಿದ್ದೆಹೋದರು. ಅಷ್ಟು ಅಂಜಿದವರು ಅಷ್ಟು ನಂಬಬಲ್ಲರೆಂದು ನನಗೆ ಗೊತ್ತಿರಲಿಲ್ಲ.

ನಮ್ಮಲ್ಲಿ ಮಣ್ಣು ಮಾಡುವ ಮುಂಚೆ ತೀರಿಕೊಂಡವರ ಜೀವನಚರಿತ್ರೆ ಓದುತ್ತಾರೆ. ಟೀಚರ್ ತೀರಿಕೊಂಡಾಗ ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಪ್ರಶಸ್ತಿಯೂ ಬಿಟ್ಟುಹೋಗದಂತೆ ಹಿರಿಯರು ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದರು. ನಾನು ಓದಿದ್ದು ಇಷ್ಟು: ರಾಣೆಬೆನ್ನೂರಿನಲ್ಲಿ ಹುಟ್ಟಿದರು, ಅಲ್ಲಿಯೇ ದೀಕ್ಷಾಸ್ನಾನವಾಯಿತು, ಯೇಸುವನ್ನು ನಂಬಿ ಬದುಕಿದರು, ನಂಬಿಯೇ ತೀರಿಕೊಂಡರು.

"ಮುಗೀತೇನು?" ಹಿರಿಯರು ಕೇಳಿದರು.

"ಮುಗೀತ್ರಿ."

ಅವರು ಪಕ್ಕದವರತ್ತ ಬಾಗಿ, ನನಗೆ ಕೇಳುವಂತೆಯೇ, "ಗೋಲ್ಡ್ ಮೆಡಲ್ ಅಂತ! ನೆಟ್ಟಗ ನಾಕು ಸಾಲು ಬರಿಯಾಕ ಬರಾಂಗಿಲ್ಲ," ಎಂದರು.

ಮೊದಲಾಗಿದ್ದರೆ ಆ ಒಂದು ಮಾತಿಗೆ ವಾರವಿಡೀ ಕುದಿಯುತ್ತಿದ್ದೆ. ಅಂದು ಹಾಳೆ ಮಡಚಿ, ಮಣ್ಣು ಹಾಕುವವರ ಸಾಲಿನಲ್ಲಿ ಹೋಗಿ ನಿಂತೆ.