ಒಳಗ ಏನೇನ್ ನೋಡಿದ್ರಿ?

ಮೂರು ವಾರದ ಹಿಂದೆ ದಾವಣಗೆರೆಯಿಂದ ಹರಿಹರಕ್ಕೆ ಸ್ಕೂಟರಿನಲ್ಲಿ ಹೊರಟಿದ್ದೆ. ಬಾತಿ ದಾಟುತ್ತಿದ್ದಂತೆ ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಒಂದು ಟೂರಿಸ್ಟ್ ಬಸ್ಸು ನಿಂತಿತ್ತು. ಗ್ಯಾಸ್ ಒಲೆ, ಅದರ ಮೇಲೆ ದೊಡ್ಡ ಬಾಣಲೆ, ಸುತ್ತ ಚಾಪೆ ಹಾಸಿಕೊಂಡು ಕೂತ ಹೆಂಗಸರು, ಮಕ್ಕಳು. ಡ್ರೈವರ್ ಎಂಜಿನ್ ಆರಿಸಿರಲಿಲ್ಲ. ಡೀಸೆಲ್ ಹೊಗೆಯೂ ಸಾಸಿವೆ ಕರಿಬೇವಿನ ಒಗ್ಗರಣೆಯೂ ಒಟ್ಟಿಗೆ ಬಂದು ಮೂಗಿಗೆ ಹೊಡೆದವು. ಬೇರೆಯವರಿಗೆ ವಾಕರಿಕೆ ತರಿಸಬಹುದಾದ ವಾಸನೆ ಅದು. ನನ್ನನ್ನು ಅದು ಮುಂದೆ ಹೋಗಗೊಡಲಿಲ್ಲ. ಸ್ಕೂಟರ್ ನಿಲ್ಲಿಸಿದೆ, ಮತ್ತೆ ಹೊರಟೆ, ನೂರು ಮಾರು ಹೋಗಿ ಮತ್ತೆ ನಿಲ್ಲಿಸಿದೆ. ಹರಿಹರದಲ್ಲಿ ಏನು ಕೆಲಸವಿತ್ತೆಂಬುದೇ ಮರೆತುಹೋಯಿತು.

ಆ ವಾಸನೆ ನಮ್ಮ ಅಡುಗೆಯಣ್ಣನದು. ಹಾಗೆಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದೆವು.

ನಾನು ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಕೂತಲ್ಲಿ ಕೂರುವ ಸ್ವಭಾವವಲ್ಲ. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತದೆ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಪ್ರತಿ ದಸರಾ ರಜೆಯಲ್ಲಿ ನಮ್ಮ ಓಣಿಯವರನ್ನೆಲ್ಲ ಸೇರಿಸಿ, ಒಂದು ಬಸ್ಸು ಗೊತ್ತು ಮಾಡಿ, ದಕ್ಷಿಣದ ಹಳೆಯ ದೇವಸ್ಥಾನಗಳ ಊರುಗಳಿಗೆ ಪ್ರವಾಸ ಹೊರಡಿಸುವ ಹುಚ್ಚು ನನಗಿತ್ತು. ಎಂಟು ದಿನ, ಹದಿನಾಲ್ಕು ಊರು. ಕೊರಳಲ್ಲಿ ಶಾಲೆಯದೇ ಸೀಟಿ. ಒಮ್ಮೆ ಊದಿದರೆ ಹೊರಡಲು ಸಿದ್ಧರಾಗಬೇಕು, ಎರಡು ಸಲ ಊದಿದರೆ ಬಸ್ಸಿನಲ್ಲಿರಬೇಕು. ಓಣಿಯ ಅಜ್ಜಿಯರು ಕೂಡ ಆ ಸೀಟಿಗೆ ಸೀರೆ ಎತ್ತಿಕೊಂಡು ಓಡುತ್ತಿದ್ದರು. ದೇವರಿಗಿಂತ ಮೇಷ್ಟ್ರಿಗೇ ಹೆಚ್ಚು ಹೆದರಿ ಪುಣ್ಯ ಕಟ್ಟಿಕೊಂಡೆವು ಎಂದು ಊರಿಗೆ ಬಂದ ಮೇಲೆ ನಗುತ್ತಿದ್ದರು.

ದಕ್ಷಿಣಕ್ಕೆ ಹೊರಟವರು ಮೊದಲು ಅದರ ವಿರುದ್ಧ ದಿಕ್ಕಿಗೆ, ಹರಿಹರಕ್ಕೆ ಹೋಗಿ, ಹರಿಹರೇಶ್ವರನಿಗೆ ಕಾಯಿ ಒಡೆಸುವುದು ನಮ್ಮ ಓಣಿಯ ಪದ್ಧತಿ. ಅಡುಗೆಯಣ್ಣ ಬಸ್ಸು ಹತ್ತುತ್ತಿದ್ದುದೂ ಅಲ್ಲೇ. ಕೊಕ್ಕನೂರಿನಿಂದ ಬೆಳಗ್ಗೆಯೇ ಬಂದು ಕಾದಿರುತ್ತಿದ್ದರು. ನಾವು ಗುಡಿಯೊಳಗೆ ಆರತಿ ತೆಗೆದುಕೊಳ್ಳುವ ಹೊತ್ತಿಗೆ ಅವರು ಪಾತ್ರೆ, ಒಲೆ, ಸಿಲಿಂಡರ್, ಎರಡು ದೊಡ್ಡ ಚೀಲ ಮಂಡಕ್ಕಿ ಎಲ್ಲವನ್ನೂ ಬಸ್ಸಿಗೆ ಏರಿಸಿ, ಹಗ್ಗ ಕಟ್ಟಿ, ಬೆವರು ಒರೆಸಿಕೊಳ್ಳುತ್ತ ನಿಂತಿರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಸಣಕಲು ಮೈ, ಹೆಗಲ ಮೇಲೆ ಸದಾ ಒಂದು ಬಿಳಿ ಟವಲ್ಲು.

ಪ್ರತಿ ಊರಿನಲ್ಲೂ ಅದೇ ಕ್ರಮ. ಬಸ್ಸು ನಿಂತ ಕೂಡಲೇ ನಾವು ಗುಡಿಯತ್ತ ಓಡುವುದು, ಅವರು ನೀರು ಹುಡುಕಲು ಓಡುವುದು. ನಾವು ತಿರುಗಿ ಬರುವಷ್ಟರಲ್ಲಿ ಎಲೆ ಹಾಕಿರಬೇಕು. ಹೀಗಾಗಿ ಅವರಿಗೆ ಊರುಗಳು ಬೇರೆಯೇ ಥರ ಗೊತ್ತಿದ್ದವು. ರಾಮೇಶ್ವರ ಎಂದರೆ ಗಾಳಿ. ಒಲೆಗೆ ಮೂರು ಕಡೆ ತಗಡು ಮರೆ ಮಾಡಬೇಕು. ತಿರುಗಿ ಬರುವಾಗ ಹಾಯುತ್ತಿದ್ದ ಹಂಪಿಯಲ್ಲಿ ಕೋತಿ ಕಾಟ, ಬಾಳೆಹಣ್ಣು ಹೊರಗೆ ತೆಗೆಯುವ ಹಾಗಿಲ್ಲ. ಕಂಚಿಯಲ್ಲಿ ನಮ್ಮ ಬಸ್ಸು ನಿಲ್ಲುತ್ತಿದ್ದ ಜಾಗದ ನೀರಿಗೆ ಬೇಳೆ ಬೇಯುತ್ತಿರಲಿಲ್ಲ. ಬೇಲೂರಿನಲ್ಲಿ... ಬೇಲೂರಿನ ಬಗ್ಗೆ ಏನೋ ಹೇಳುತ್ತಿದ್ದರು, ನನಗೆ ನೆನಪಾಗುತ್ತಿಲ್ಲ. ಅಷ್ಟು ವರ್ಷ ಅಷ್ಟು ಊರು ತಿರುಗಿದರೂ ಒಂದು ಗುಡಿಯ ಹೊಸ್ತಿಲನ್ನೂ ಅವರು ದಾಟಿರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಅದು ಒಂದು ವಿಷಯ ಎನ್ನಿಸಿರಲಿಲ್ಲ ಎಂಬುದೇ ಈಗ ನನ್ನನ್ನು ಕೂತಲ್ಲಿ ಕೂರಗೊಡುವುದಿಲ್ಲ.

ಬಡಿಸುವಾಗ ಮಾತ್ರ ಅವರು ಎಲೆಯಿಂದ ಎಲೆಗೆ ಒಂದೇ ಪ್ರಶ್ನೆ ಕೇಳುತ್ತ ಹೋಗುತ್ತಿದ್ದರು.

"ಒಳಗ ಏನೇನ್ ನೋಡಿದ್ರಿ?"

ಹೆಂಗಸರು ಉತ್ಸಾಹದಿಂದ ಹೇಳುತ್ತಿದ್ದರು. ಕೊಳದಲ್ಲಿರುವ ಬಂಗಾರದ ತಾವರೆ, ದೇವಿಯ ಮೂಗುತಿ, ಆನೆ ತಲೆ ಮೇಲೆ ಸೊಂಡಿಲಿಟ್ಟದ್ದು. ಅಡುಗೆಯಣ್ಣ ಸೌಟು ಹಿಡಿದು ನಿಂತು ಕೇಳುತ್ತಿದ್ದರು. ಮೂಗುತಿ ಎಡಕ್ಕೋ ಬಲಕ್ಕೋ, ತಾವರೆ ಎಷ್ಟು ದೊಡ್ಡದು ಎಂದು ಮರುಪ್ರಶ್ನೆ ಹಾಕುತ್ತಿದ್ದರು. ನನ್ನ ಎಲೆಗೆ ಬಂದರೆ ನಾನು, "ಕಲ್ಲಿನ ಗೊಂಬಿ ಬಾಳ ಅದಾವ್ರಿ, ಸಾರು ಹಾಕ್ರಿ, ಹೊತ್ತಾತು," ಎನ್ನುತ್ತಿದ್ದೆ. ಇವರಿಗೆ ಮಾತಿನ ಚಪಲ ಎಂದುಕೊಂಡಿದ್ದೆ.

ಕೊನೆಯ ಪ್ರವಾಸದಲ್ಲಿ, ತಂಜಾವೂರಿನ ಹಿಂದಿನ ದಿನ ಸಂಜೆ, ಪಾತ್ರೆ ತೊಳೆಯುತ್ತಿದ್ದವರು ಎದ್ದು ಕೈ ಒರೆಸಿಕೊಂಡು ನನ್ನ ಹತ್ತಿರ ಬಂದರು.

"ಮೇಷ್ಟ್ರೆ, ನಾಳಿ ಮಧ್ಯಾಹ್ನದ ಅಡಿಗಿ ನಸುಕಿನಾಗ ಮುಗಿಸಿಬಿಡ್ತೀನಿ. ಈ ಒಂದು ಗುಡಿ ಒಳಗ ನಾನೂ ಹೋಗಿ ಬರ್ಲೇನ್ರಿ?"

"ಅದಕ್ಕೇನು, ಧಾರಾಳ ಹೋಗಿ ಬರ್ರಿ," ಎಂದೆ. ದೊಡ್ಡ ಉಪಕಾರ ಮಾಡಿದವನಂತೆ ಬೀಗಿದೆ ಕೂಡ.

ಮರುದಿನ ಅವರು ಕತ್ತಲಿರುವಾಗಲೇ ಎದ್ದು ಪುಳಿಯೋಗರೆ, ಮೊಸರನ್ನ ಮಾಡಿ ಡಬರಿಗೆ ತುಂಬಿಟ್ಟಿದ್ದರು. ಒಗೆದ ಅಂಗಿ, ಒಗೆದ ಟವಲ್ಲು. ತಂಜಾವೂರು ತಲುಪಿದಾಗ ಹತ್ತೂವರೆ. ಎಲ್ಲರಿಗೂ ಅರ್ಧ ಗಂಟೆ ಎಂದೆ. ಶ್ರೀರಂಗದಲ್ಲಿ ಮಧ್ಯಾಹ್ನ ಬಾಗಿಲು ಹಾಕಿಬಿಡುತ್ತಾರೆ, ಅಷ್ಟರೊಳಗೆ ಅಲ್ಲಿರಬೇಕು ಎಂಬುದು ನನ್ನ ಲೆಕ್ಕ. ಉಳಿದವರೆಲ್ಲ ಮುಂದೆ ಓಡಿದರು. ಅಡುಗೆಯಣ್ಣ ಪಾತ್ರೆಗಳಿಗೆ ಮುಚ್ಚಳ ಬಿಗಿದು, ಬಸ್ಸಿನ ಬಾಗಿಲು ಹಾಕಿಸಿ ಹೊರಡುವ ಹೊತ್ತಿಗೆ ಸಾಲು ಅಂಗಳದವರೆಗೆ ಬೆಳೆದಿತ್ತು. ಎಲ್ಲರಿಗಿಂತ ಹಿಂದೆ ಅವರು ನಿಂತರು.

ಅರ್ಧ ಗಂಟೆ ಕಳೆಯಿತು. ನಮ್ಮವರೆಲ್ಲ ನೋಡಿಕೊಂಡು ಹೊರಗೆ ಬಂದರು. ನಾನು ದೊಡ್ಡ ನಂದಿಯ ಹತ್ತಿರ ನಿಂತು ತಲೆ ಎಣಿಸಿದೆ, ಒಬ್ಬರು ಕಡಿಮೆ. ಅಡುಗೆಯಣ್ಣ ಆಗ ತಾನೇ ಮೆಟ್ಟಿಲು ಹತ್ತಿ ಬಾಗಿಲ ಹತ್ತಿರ ತಲುಪಿದ್ದರು. ಅವರ ಮುಂದೆ ಹತ್ತು ಹನ್ನೆರಡು ಜನ ಇದ್ದಿರಬೇಕು. "ಐದು ನಿಮಿಷ ಬಿಡ್ರಿ ಮೇಷ್ಟ್ರೆ, ಪಾಪ, ನೋಡ್ಕಂಡು ಬರ್ಲಿ," ಎಂದು ಯಾರೋ ಹೆಂಗಸರು ಅಂದರು. ನಾನು ಗಡಿಯಾರ ನೋಡಿದೆ. ಸೀಟಿ ಬಾಯಿಗಿಟ್ಟು ಊದಿದೆ. ಎರಡು ಸಲ.

ಗುಡಿಯ ಅಂಗಳದಲ್ಲಿ ಸೀಟಿ! ಕಾವಲಿನವನು ನನ್ನತ್ತ ಓಡಿಬಂದು ತಮಿಳಿನಲ್ಲಿ ಬೈದ. ಅಡುಗೆಯಣ್ಣ ತಿರುಗಿ ನೋಡಿದರು. ಒಮ್ಮೆ ಬಾಗಿಲ ಕಡೆ, ಒಮ್ಮೆ ನನ್ನ ಕಡೆ. ನಾನು ಕೈ ಬೀಸಿದೆ. ಅವರು ಸಾಲಿನಿಂದ ಹೊರಗೆ ಬಂದು, ಮೆಟ್ಟಿಲಿಳಿದು, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಿ ಬಂದರು. ಓಡುವಾಗ ಟವಲ್ಲು ಜಾರಿ ಬಿತ್ತು. ಎತ್ತಿಕೊಳ್ಳಲು ತಿರುಗಿದವರಿಗೆ, "ಬಿಡ್ರಿ ಅದನ್ನ, ಬರ್ರಿ," ಎಂದು ಕೂಗಿದೆ. ಬಿಟ್ಟು ಬಂದರು.

ಶ್ರೀರಂಗ ತಲುಪಿದಾಗ ಬಾಗಿಲು ಹಾಕಿಯಾಗಿತ್ತು. ಸಂಜೆಯ ಕಡೆ ತೆರೆಯುವವರೆಗೆ ನಾವೆಲ್ಲ ಬಸ್ಸಿನ ನೆರಳಿನಲ್ಲಿ ಆಕಳಿಸುತ್ತ ಬಿದ್ದಿದ್ದೆವು. ಐದು ನಿಮಿಷ ಉಳಿಸಲು ಹೋದವನು ಹತ್ತಿರ ಹತ್ತಿರ ನಾಲ್ಕು ಗಂಟೆಗಳನ್ನು ಸುಮ್ಮನೆ ಸುರಿದಿದ್ದೆ. ಅಡುಗೆಯಣ್ಣ ಪುಳಿಯೋಗರೆ ಬಡಿಸಿದರು. ಯಾವ ಎಲೆಯ ಮುಂದೆಯೂ ನಿಂತು ಏನೂ ಕೇಳಲಿಲ್ಲ. ನನಗದು ಹೊಳೆಯಿತು. ಮುಂದಿನ ವರ್ಷ ನೋಡಿದರಾಯಿತು ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡೆ.

ಮುಂದಿನ ವರ್ಷ ಕೊರೋನಾ ಬಂತು. ನಿಂತ ಪ್ರವಾಸ ಮತ್ತೆ ಹೊರಡಲಿಲ್ಲ. ನಾನು ನಿವೃತ್ತನಾದೆ. ಒಂದೆರಡು ಸಲ ಫೋನ್ ಮಾಡಬೇಕೆಂದುಕೊಂಡೆ... ಮಾಡಲಿಲ್ಲ. ಹೋದ ವರ್ಷ ಹರಿಹರದಲ್ಲಿ ಪಾತ್ರೆ ಬಾಡಿಗೆ ಕೊಡುವ ಅಂಗಡಿಯ ಮುಂದೆ ನಿಂತಿದ್ದಾಗ ಅಂಗಡಿಯವರೇ ಹೇಳಿದರು, "ನಿಮ್ಮ ಅಡಿಗಿಯೋರು ತೀರಿಕೊಂಡು ನಾಕು ತಿಂಗಳಾತಲ್ರಿ." ಕೈಯಲ್ಲಿದ್ದ ಚಹಾ ಕುಡಿಯಲಾಗಲಿಲ್ಲ.

ಆ ಭಾನುವಾರ ಕೊಕ್ಕನೂರಿಗೆ ಹೋದೆ. ಮಗ, ಸೊಸೆ ಗದ್ದೆಗೆ ಹೋಗಿದ್ದರು. ಮನೆ ಮುಂದಿನ ಕಟ್ಟೆಯ ಮೇಲೆ ಅವರ ಹೆಂಡತಿ ಶೇಂಗಾ ಸುಲಿಯುತ್ತ ಕೂತಿದ್ದರು. ನಾನು ಎದುರಿಗೆ ನಿಂತರೂ ಮುಖ ಎತ್ತಲಿಲ್ಲ. ದಾವಣಗೆರೆಯ ಪಿ.ಟಿ. ಮೇಷ್ಟ್ರು ಎಂದು ಹೇಳಿಕೊಂಡಾಗ ದನಿ ಬಂದ ಕಡೆ ತಿರುಗಿದರು. ಸಕ್ಕರೆ ಕಾಯಿಲೆಯಿಂದ ಅವರ ಎರಡೂ ಕಣ್ಣು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಅಷ್ಟು ಸಲ ಅಡುಗೆಯಣ್ಣನ ಜೊತೆಗೆ ಪ್ರಯಾಣ ಮಾಡಿ, ಅವರ ಕೈಯ ಅನ್ನ ತಿಂದ ನನಗೆ ಈ ಸಂಗತಿ ಗೊತ್ತೇ ಇರಲಿಲ್ಲ.

"ಸೀಟಿ ಮೇಷ್ಟ್ರಾ? ಬರ್ರಿ, ಕೂಡ್ರಿ," ಎಂದು ಸರಿದು ಜಾಗ ಮಾಡಿಕೊಟ್ಟರು. ಆಮೇಲೆ ಮಾತು ಶುರುವಾಯಿತು. ನಾನಲ್ಲ, ಅವರೇ ಆಡಿದ್ದು. ಪ್ರತಿ ವರ್ಷ ಪ್ರವಾಸದಿಂದ ಬಂದ ಮೇಲೆ ಗಂಡ ಇದೇ ಕಟ್ಟೆಯ ಮೇಲೆ ಕೂತು ಒಂದೊಂದು ದಿನ ಒಂದೊಂದು ಗುಡಿಯನ್ನು ಅವರಿಗೆ ಹೇಳುತ್ತಿದ್ದರಂತೆ. ರಾಮೇಶ್ವರದ ಉದ್ದನೆಯ ಪಡಸಾಲೆಯಲ್ಲಿ ಈ ತುದಿಯವರು ಕೂಗಿದ್ದು ಆ ತುದಿ ಮುಟ್ಟುವಷ್ಟರಲ್ಲಿ ಏನು ಕೂಗಿದೆವೆಂದು ಮರೆತಿರುತ್ತಾರಂತೆ. ಬೇಲೂರಿನ ಗೋಡೆಯಲ್ಲಿ ಕನ್ನಡಿ ಹಿಡಿದ ಹೆಣ್ಣಿಗೆ ಹಣೆಯ ಬೊಟ್ಟು ಸರಿಯಾಗಿ ಕೂತಿಲ್ಲವೆಂದು ಇನ್ನೂ ಸಿಟ್ಟು ಇಳಿದಿಲ್ಲವಂತೆ. ನಾನು ಬಾಯಿ ತೆರೆದುಕೊಂಡು ಕೇಳಿದೆ. ಆ ಕನ್ನಡಿ ಹಿಡಿದವಳ ಮುಂದೆ ನಾನು ಎಷ್ಟು ಸಲ ಸೀಟಿ ಊದಿದ್ದೇನೋ, ಒಮ್ಮೆಯೂ ಅವಳ ಮುಖ ನೋಡಿರಲಿಲ್ಲ.

"ತಂಜಾವೂರಿಂದು ಮಾತ್ರ ಮತ್ತ ಮತ್ತ ಹೇಳಿಸ್ಕಂತಿದ್ದೆ ನೋಡ್ರಿ," ಎಂದರು. "ಬಾಳ ದೊಡ್ಡ ಸಾಲಿತ್ತಂತೆ. ನೀವೇ ಕೈ ಹಿಡ್ದು ಒಳಗ ಕರ್ಕಂಡು ಹೋದ್ರಂತೆ. ಲಿಂಗ ನೋಡಾಕ ಕತ್ತೆತ್ತಿದಾಗ ಹೆಗಲಮ್ಯಾಗಿನ ಟವಲ್ಲು ಜಾರಿ ಬಿತ್ತಂತೆ. ನೀವು ಬಗ್ಗಿ ಎತ್ತಿ, ಧೂಳು ಝಾಡಿಸಿ, ಮತ್ತ ಹೆಗಲಿಗೆ ಹಾಕಿದ್ರಂತೆ. ಮೇಷ್ಟ್ರು ಅಂದ್ರ ಹಂಗಿರಬೇಕು ಅಂತಿದ್ರು."

ನಿಜ ಹೇಳಿಬಿಡೋಣವೆಂದು ಬಾಯಿವರೆಗೆ ಬಂತು. ಹೇಳಿದರೆ ಹಗುರವಾಗುವವನು ನಾನು, ಕಳೆದುಕೊಳ್ಳುವವರು ಅವರು. ಅಷ್ಟರಲ್ಲಿ ಅವರು, "ಅವ್ರು ಹೋದ ಮ್ಯಾಲೆ ಹೇಳೋರಿಲ್ಲ. ನೀವೂ ನೋಡೀರಲ್ಲ, ಒಂದ್ಸಲ ಹೇಳ್ರಿ," ಎಂದರು. ನನಗೆ ನೆನಪಿದ್ದದ್ದು ಪಾರ್ಕಿಂಗ್ ಜಾಗ, ಕೈ ಗಡಿಯಾರ, ಎಣಿಸಿದ ತಲೆಗಳು, ಅಷ್ಟೇ. ಇನ್ನೊಮ್ಮೆ ಬಂದು ಹೇಳುತ್ತೇನೆ ಎಂದು ಎದ್ದು ಬಂದೆ. ವರ್ಷವಾದರೂ ಹೋಗಲಿಲ್ಲ. ಮುಖ ತಪ್ಪಿಸಿಕೊಂಡೆ ಎಂದೇ ಹೇಳಬೇಕು.

ಬಾತಿಯ ಹತ್ತಿರ ಆ ವಾಸನೆ ಮೂಗಿಗೆ ಬಡಿದ ಮೇಲೆ ತಡೆಯಲಾಗಲಿಲ್ಲ. ಮರುವಾರವೇ ಒಬ್ಬನೇ ರೈಲು ಹತ್ತಿ ತಂಜಾವೂರಿಗೆ ಹೋದೆ. ಸಾಲಿನಲ್ಲಿ ನಿಂತೆ. ನಿಂತಲ್ಲಿ ನಿಲ್ಲಲಾರದೆ ಕಾಲು ಬದಲಾಯಿಸುತ್ತ, ಮುಂದಿನವರ ಬೆನ್ನು ನೋಡುತ್ತ, ಅಂತೂ ಒಳಗೆ ಹೋದೆ. ಸಾಲದೆಂದು ಸಂಜೆ ಇನ್ನೊಮ್ಮೆ ಹೋದೆ. ಕಂಡದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡೆ. ಕಂಬ, ಮೆಟ್ಟಿಲು, ಗೋಡೆಯ ಬರಹ, ದೀಪದ ಬೆಳಕಿನಲ್ಲಿ ಮಸುಕಾಗಿ ಕಂಡ ಲಿಂಗ, ಅಂಗಳದಲ್ಲಿ ಉದ್ದಕ್ಕೆ ಚಾಚಿದ ಗೋಪುರದ ನೆರಳು.

ಹೋದ ಭಾನುವಾರ ಕೊಕ್ಕನೂರಿನ ಆ ಕಟ್ಟೆಯ ಮೇಲೆ ಕೂತು ಒಂದನ್ನೂ ಬಿಡದೆ ಹೇಳಿದೆ. ಅವರು ಕೈಕೆಲಸ ನಿಲ್ಲಿಸಿ ತಲೆ ಬಗ್ಗಿಸಿಕೊಂಡು ಕೇಳಿದರು. ನೆರಳಿನ ಮಾತು ಬಂದಾಗ ತಲೆ ಎತ್ತಿದರು.

"ಗೋಪುರದ ನೆರಳು ನೆಲಕ್ಕ ಬೀಳಂಗಿಲ್ಲ ಅಂತಿದ್ರಲ್ರಿ ಅವ್ರು?"

"ಬೀಳ್ತೈತಕ್ಕಾ. ನಾನೇ ನೋಡೀನಿ."

ನಿಲ್ಲಿಸಿದ್ದ ಕೈಕೆಲಸ ಮತ್ತೆ ಹಿಡಿದರು. ಆಮೇಲೆ ನನಗೆ ನೋವಾಗಬಾರದೆಂಬಂತೆ ಮೆಲ್ಲಗೆ, "ಹಂಗಾರ ನೀವೀಗ ಹೋಗಿದ್ದು ಬ್ಯಾರೆ ಗುಡಿ ಇರಬೇಕ್ರಿ," ಎಂದರು. "ಅವ್ರ ಜೋಡಿ ಹೋಗಿದ್ರಲ್ಲ, ಅದು ನೆನಪಿಲ್ಲೇನ್ರಿ?"

"ಮರ್ತೀನಕ್ಕಾ."

"ಅಂಥಾದ್ದನ್ನ ಮರೀಬಾರ್ದಿತ್ರಿ ಮೇಷ್ಟ್ರೆ."

ಹರಿಹರಕ್ಕೆ ಬರುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದವು. ನಾನು ಕೂರಲಿಲ್ಲ. ಹರಿಹರದಲ್ಲಿ ಇಳಿದು, ದಾವಣಗೆರೆಯ ಬಸ್ಸುಗಳನ್ನು ಒಂದೊಂದಾಗಿ ಬಿಟ್ಟು, ನಿಲ್ದಾಣದ ಈ ತುದಿಯಿಂದ ಆ ತುದಿಗೆ ಸುಮ್ಮನೆ ನಡೆದೆ. ಕ್ಷಮೆ ಕೇಳಬೇಕಾದದ್ದು ಅಡುಗೆಯಣ್ಣನನ್ನು. ಆ ಗುಡಿಯ ಒಳಗೆ ಏನೇನಿತ್ತು ಎಂದು ಕೇಳಬೇಕಾದದ್ದೂ ಅವರನ್ನೇ. ಅವರಿಲ್ಲ.